ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗು

2002ರ ಜೂನ್ ತಿಂಗಳು. ಅಂಟಾರ್ಕ್ಟಿಕಾದ ಕಡಲಲ್ಲಿ ‘ಮಗ್ದಲೇನಾ ಓಲ್ಡೆಂಡಾರ್ಫ್’ ಎಂಬ ಸರಕು ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ 107 ಜನರಲ್ಲಿ ಹೆಚ್ಚಿನವರು ರಷ್ಯಾದ ಸಂಶೋಧಕರು. ಭಾರತದ ‘ಮೈತ್ರಿ’ ಕೇಂದ್ರ ಇರುವ ಕ್ವೀನ್ ಮಾಡ್ ಲ್ಯಾಂಡ್ ಭಾಗದಲ್ಲೇ ಇದು ನಡೆದದ್ದು. ದಕ್ಷಿಣ ಆಫ್ರಿಕಾದ ‘ಎಸ್.ಎ. ಅಗುಲ್ಹಾಸ್’ ಹಡಗಿನ ಹೆಲಿಕಾಪ್ಟರ್‌ಗಳು ಬಹುತೇಕರನ್ನು ಹೊರತಂದವು. ಸಿಕ್ಕಿಕೊಂಡ ಹಡಗಿನ ನೆರವಿಗೆ ಬಂದದ್ದು ಅರ್ಜೆಂಟೀನಾ ನೌಕಾಪಡೆಯ ಐಸ್‌ಬ್ರೇಕರ್ ‘ಅಲ್ಮಿರಾಂತೆ ಇರೀಸರ್’.

ಐಸ್‌ಬ್ರೇಕರ್ ಮಂಜುಗಡ್ಡೆಯನ್ನು ಗುದ್ದಿ ಸೀಳುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ತುಳಿದು ಮುರಿಯುತ್ತದೆ. ಇಳಿಜಾರಾದ ಮೂತಿ ಮಂಜಿನ ಹಾಸಿನ ಮೇಲೆ ಹತ್ತುತ್ತದೆ, ಹಡಗಿನ ಭಾರಕ್ಕೆ ಹಾಸು ಬಿರಿದು ಮುರಿಯುತ್ತದೆ, ಅಗಲವಾದ ಒಡಲು ತುಂಡುಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಹಾಸು ತೀರಾ ದಪ್ಪವಿದ್ದರೆ ಹಿಂದೆ ಸರಿದು, ವೇಗ ಹಿಡಿದು ಮತ್ತೆ ಏರಬೇಕು. ಪ್ರೊಪೆಲರ್‌ಗೆ ಗಡ್ಡೆ ಅಡ್ಡ ಬಂದಾಗಲೂ ಬಲ ಕುಗ್ಗಬಾರದು. ಆದ್ದರಿಂದಲೇ ಇರೀಸರ್‌ನಲ್ಲಿ ಡೀಸೆಲ್ ಎಂಜಿನ್‌ಗಳು ವಿದ್ಯುತ್ ತಯಾರಿಸುತ್ತವೆ, ಮೋಟಾರುಗಳು ಪ್ರೊಪೆಲರ್ ತಿರುಗಿಸುತ್ತವೆ. ನಿಧಾನಗತಿಯಲ್ಲೂ ಮೋಟಾರು ಪೂರ್ಣ ಬಲ ಕೊಡಬಲ್ಲದು.

ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ತಯಾರಾದ ಈ ಹಡಗು ನೌಕಾಪಡೆಗೆ ಸೇರಿದ್ದು 1978ರ ಡಿಸೆಂಬರ್‌ನಲ್ಲಿ. ಉದ್ದ ಸುಮಾರು 120 ಮೀಟರ್, ತೂಕ 14,000 ಟನ್ನಿಗೂ ಮೇಲು. ಮೂಲ ಕೆಲಸ ಅಂಟಾರ್ಕ್ಟಿಕಾದ ಅರ್ಜೆಂಟೀನಾ ನೆಲೆಗಳಿಗೆ ದಿನಸಿ, ಇಂಧನ, ಜನರನ್ನು ತಲುಪಿಸುವುದು. ಆದರೆ 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಮೊದಲು ಸೈನಿಕರನ್ನು ಸಾಗಿಸಿತು. ಆಮೇಲೆ ಕೆಂಪು ಒಡಲಿಗೆ ಬಿಳಿ ಬಣ್ಣ ಬಳಿದು, ರೆಡ್‌ಕ್ರಾಸ್ ಗುರುತು ಹಾಕಿಸಿಕೊಂಡು ಗಾಯಾಳುಗಳ ಆಸ್ಪತ್ರೆಯಾಯಿತು.

2002ರ ಜುಲೈನಲ್ಲಿ, ಕಡು ಚಳಿಗಾಲದಲ್ಲಿ, ಇರೀಸರ್ ಮಂಜು ಒಡೆಯುತ್ತಾ ಮಗ್ದಲೇನಾ ಬಳಿ ತಲುಪಿತು. ಆದರೆ ಒಡೆದ ದಾರಿ ಹಿಂದೆಯೇ ಮತ್ತೆ ಹೆಪ್ಪುಗಟ್ಟುತ್ತದೆ. ಕೊನೆಗೆ ಸರಕು ಹಡಗನ್ನು ತೆರೆದ ಕಡಲಿಗೆ ಎಳೆದೊಯ್ಯುವ ಯತ್ನ ಕೈಬಿಟ್ಟು, ಕೆಲವೇ ಸಿಬ್ಬಂದಿಯೊಂದಿಗೆ ಸುರಕ್ಷಿತ ಕೊಲ್ಲಿಯಲ್ಲಿ ಚಳಿಗಾಲ ಕಳೆಯಲು ಬಿಡಲಾಯಿತು.

2007ರ ಏಪ್ರಿಲ್‌ನಲ್ಲಿ ಅಂಟಾರ್ಕ್ಟಿಕಾದಿಂದ ಮರಳುವಾಗ ಇರೀಸರ್‌ಗೇ ಬೆಂಕಿ ಬಿತ್ತು. ಹಡಗಿನಲ್ಲಿದ್ದ ಎಲ್ಲರೂ ಬದುಕಿದರು, ಕ್ಯಾಪ್ಟನ್ ಮಾತ್ರ ಹಡಗು ಬಿಟ್ಟಿಳಿಯಲಿಲ್ಲ. ಬ್ಯೂನಸ್ ಐರಿಸ್‌ನ ಟಂಡನೋರ್ ಕಾರ್ಖಾನೆಯಲ್ಲಿ ದುರಸ್ತಿಗೆ ಹತ್ತು ವರ್ಷ ಹಿಡಿಯಿತು. ಆ ವರ್ಷಗಳಲ್ಲಿ ಅರ್ಜೆಂಟೀನಾ ಬೇರೆ ದೇಶದ ಹಡಗುಗಳನ್ನು ಬಾಡಿಗೆಗೆ ಹಿಡಿಯಬೇಕಾಯಿತು. 2017ರಲ್ಲಿ ಇರೀಸರ್ ಮತ್ತೆ ಕಡಲಿಗಿಳಿಯಿತು.

ಭಾರತದ್ದೂ ಬಾಡಿಗೆ ಹಡಗಿನ ದಾರಿಯೇ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟ ಮೊದಲ ಅಂಟಾರ್ಕ್ಟಿಕಾ ತಂಡ ಹೋದದ್ದು ನಾರ್ವೆಯ ‘ಪೋಲಾರ್ ಸರ್ಕಲ್’ ಹಡಗಿನಲ್ಲಿ. ಬೇಸಿಗೆಯ ಸಾಗಣೆಗೆ ಬಾಡಿಗೆ ಹಡಗು ಸಾಕು. ಚಳಿಗಾಲದಲ್ಲಿ ಆಪತ್ತು ಬಂದರೆ ಮಾತ್ರ ಇರೀಸರ್‌ನಂಥ ಹಡಗೇ ಬೇಕು, ಅದಕ್ಕೂ ದಾರಿ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ.