ಮರಳುಗಾಡಿನ ಮುಂಜಾವಿಗೆ ಬಣ್ಣ ಹಚ್ಚುವವರಾರು?

2011ರಲ್ಲಿ ಅಮೆರಿಕದ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆಯಲ್ಲಿ ಒಂದು ಚಿತ್ರ ಅಚ್ಚಾಯಿತು. ಬಿಳಿಯ ಚುಕ್ಕೆಗಳನ್ನು ಎರಚಿದಂತಿರುವ ಕಿತ್ತಳೆಬಣ್ಣದ ಹಿನ್ನೆಲೆ, ಅದರೆದುರಿಗೆ ಮಸಿಯಲ್ಲಿ ಬರೆದಂತೆ ನಿಂತ ಎಲೆಯಿಲ್ಲದ ಮರಗಳು, ಕೆಳಗೆ ತಿಳಿನೀಲಿಯ ನೆಲ. ನೋಡಿದವರಲ್ಲಿ ಅನೇಕರು ಇದನ್ನು ಕುಂಚದಿಂದ ಬರೆದ ವರ್ಣಚಿತ್ರವೆಂದೇ ಭಾವಿಸಿದರು. ಆದರೆ ಅದು ಛಾಯಾಚಿತ್ರ. ತೆಗೆದವರು ನೆದರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಾನ್ಸ್ ಲ್ಯಾಂಟಿಂಗ್. ತೆಗೆದ ಸ್ಥಳ ಆಫ್ರಿಕದ ನೈಋತ್ಯ ಭಾಗದಲ್ಲಿರುವ ನಮೀಬಿಯ ದೇಶದ ಮರಳುಗಾಡು.

ಇಂತಹ ಬಣ್ಣ ನಿಜವಾಗಿಯೂ ಅಲ್ಲಿತ್ತೇ, ಅಥವಾ ಆಮೇಲೆ ತುಂಬಿದ್ದೇ? ಈ ಪ್ರಶ್ನೆ ಆ ಒಂದು ಚಿತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಸತ್ತ ಜೌಗಿನ ಮರಗಳು

ಆ ತಾಣದ ಹೆಸರು ಡೆಡ್‌ಫ್ಲೇ, ಎಂದರೆ ‘ಸತ್ತ ಜೌಗು’. ಹಿಂದೊಮ್ಮೆ ತ್ಸೌಚಬ್ ಎಂಬ ನದಿಯ ನೆರೆನೀರು ಇಲ್ಲಿಗೆ ಹರಿದುಬರುತ್ತಿತ್ತು. ಜಾಲಿಯ ಬಳಗಕ್ಕೆ ಸೇರಿದ ಮುಳ್ಳಿನ ಮರಗಳು ಬೆಳೆದಿದ್ದವು. ಕಾಲಕ್ರಮದಲ್ಲಿ ಮರಳಿನ ದಿಬ್ಬಗಳು ಸರಿದುಬಂದು ನೀರಿನ ಹಾದಿಯನ್ನು ಮುಚ್ಚಿದವು. ಸುಮಾರು 600ರಿಂದ 700 ವರ್ಷಗಳ ಹಿಂದೆ ಮರಗಳು ಒಣಗಿ ಸತ್ತವು. ಗಾಳಿಯಲ್ಲಿ ತೇವವಿಲ್ಲವಾದ್ದರಿಂದ ಅವು ಕೊಳೆಯಲಿಲ್ಲ. ಬಿಸಿಲಿಗೆ ಕಪ್ಪಾಗಿ ಇಂದಿಗೂ ನಿಂತಿವೆ. ಸುತ್ತಲಿನ ದಿಬ್ಬಗಳಲ್ಲಿ ಕೆಲವು 300 ಮೀಟರಿಗೂ ಮಿಗಿಲಾದ ಎತ್ತರದವು. ಮರಳಿನ ಕಣಗಳಿಗೆ ಕಬ್ಬಿಣದ ತುಕ್ಕು ತೆಳುವಾಗಿ ಅಂಟಿಕೊಂಡಿರುವುದೇ ಅವುಗಳ ಕೆಂಬಣ್ಣಕ್ಕೆ ಕಾರಣ. ಈ ಮರಳಿನ ಸಾಗರವನ್ನು 2013ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಕ್ಷಣಕಾಲದ ಕೌತುಕ

ಸೂರ್ಯನು ದಿಗಂತದಲ್ಲಿರುವಾಗ ಅವನ ಕಿರಣವು, ನೆತ್ತಿಯ ಮೇಲಿರುವಾಗ ದಾಟುವುದಕ್ಕಿಂತ 30 ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿಯ ಅಂಶವೆಲ್ಲ ಚದುರಿಹೋಗಿ, ಕೆಂಪು ಹಳದಿಗಳೇ ಉಳಿದು ನೆಲವನ್ನು ಮುಟ್ಟುತ್ತವೆ. ಕೆಂಪು ಮರಳಿಗೆ ಕೆಂಪು ಬೆಳಕು ಸೋಕಿದರೆ ದಿಬ್ಬವು ಕೆಂಡದಂತಾಗುವುದರಲ್ಲಿ ಆಶ್ಚರ್ಯವೇನು?

ಲ್ಯಾಂಟಿಂಗ್ ಅವರ ಚಿತ್ರದಲ್ಲಿ ಹಿನ್ನೆಲೆಯ ಕಿತ್ತಳೆಬಣ್ಣವು ಆಕಾಶದ್ದಲ್ಲ. ಬಿಸಿಲು ಬಿದ್ದ ಮರಳುದಿಬ್ಬದ್ದು. ಬಿಳಿಯ ಚುಕ್ಕೆಗಳು ದಿಬ್ಬದ ಮೇಲಿನ ಹುಲ್ಲಿನ ಮೆಳೆಗಳು. ತಳದ ಬಿಳಿಯ ಜೇಡಿನೆಲಕ್ಕೆ ಆ ಹೊತ್ತಿಗೆ ಬಿಸಿಲು ತಲುಪಿರಲಿಲ್ಲ. ಮೇಲಿನ ಆಕಾಶದ ನೀಲಿಯನ್ನೇ ಅದು ಪ್ರತಿಬಿಂಬಿಸುತ್ತಿತ್ತು. ಬಿಸಿಲು ದಿಬ್ಬದ ಬುಡದವರೆಗೆ ಇಳಿದು, ಇನ್ನೂ ನೆಲವನ್ನು ಮುಟ್ಟದಿರುವ ಅಲ್ಪಸಮಯವನ್ನೇ ಅವರು ಕಾದು ಹಿಡಿದರು. ತುಸು ತಡವಾಗಿದ್ದರೆ ನೀಲಿಯೂ ಇಲ್ಲ, ಮರಗಳ ಕಪ್ಪು ರೂಪವೂ ಇಲ್ಲ. ಹೀಗೆ ಅಲ್ಲಿ ಬಣ್ಣ ಹಚ್ಚಿದವನು ಸಾಕ್ಷಾತ್ ಸೂರ್ಯನೇ.

ಕಣ್ಣು ಬೇರೆ, ಕ್ಯಾಮೆರಾ ಬೇರೆ

ಹಾಗಾದರೆ ಬಣ್ಣವನ್ನು ತಿದ್ದುವ ಅಗತ್ಯವಾದರೂ ಏನು? ಮನುಷ್ಯನ ಕಣ್ಣು ಬೆಳಕಿಗೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ದೀಪದ ಹಳದಿ ಬೆಳಕಿನಲ್ಲಿಯೂ ಬಿಳಿಯ ಪಂಚೆ ನಮಗೆ ಬಿಳಿಯದಾಗಿಯೇ ಕಾಣುತ್ತದೆ. ಕ್ಯಾಮೆರಾಕ್ಕೆ ಈ ವಿವೇಕವಿಲ್ಲ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದೊಳಗಿನ ಫಲಕದಲ್ಲಿ ಲಕ್ಷಾಂತರ ಸೂಕ್ಷ್ಮ ಬೆಳಕುಗೂಡುಗಳಿದ್ದು, ಒಂದೊಂದೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬ ವಿಜ್ಞಾನಿಗೆ 1976ರಲ್ಲಿ ಈ ಜೋಡಣೆಗಾಗಿ ಪೇಟೆಂಟ್ ದೊರೆಯಿತು. ಅಳೆದ ಅಂಕಿಗಳನ್ನು ಬಣ್ಣಗಳನ್ನಾಗಿ ಮಾರ್ಪಡಿಸಲು ಯಾವುದು ಬಿಳಿ ಎಂಬುದನ್ನು ಯಾರಾದರೂ ತೀರ್ಮಾನಿಸಲೇಬೇಕು.

ಆ ತೀರ್ಮಾನವನ್ನು ಕ್ಯಾಮೆರಾಕ್ಕೇ ಒಪ್ಪಿಸಿದರೆ, ಅದು ಮುಂಜಾವಿನ ಕಿತ್ತಳೆಯನ್ನು ದೋಷವೆಂದು ಬಗೆದು ತೊಳೆದುಹಾಕುವುದುಂಟು. ಕೆಂಡದಂತಿದ್ದ ದಿಬ್ಬ ಬೂದಿಯಾಗುತ್ತದೆ. ಆದ್ದರಿಂದ ಅನುಭವಿಗಳು ಅಳತೆಗಳನ್ನು ಹಸಿಯಾಗಿಯೇ ಉಳಿಸಿಕೊಳ್ಳುವ ‘ರಾ’ ಕಡತದಲ್ಲಿ ಚಿತ್ರ ತೆಗೆದು, ಬಣ್ಣವನ್ನು ಆಮೇಲೆ ಗಣಕಯಂತ್ರದಲ್ಲಿ ನಿರ್ಧರಿಸುತ್ತಾರೆ. ನಡುಹಗಲಿನ ಬೆಳಕಿಗೆ ಒಪ್ಪುವ ಸುಮಾರು 5500 ಕೆಲ್ವಿನ್ ಅಳತೆಯನ್ನು ಇಟ್ಟುಕೊಂಡರೆ ಬಿಸಿಲು ಕಿತ್ತಳೆಯಾಗಿಯೂ ನೆರಳು ನೀಲಿಯಾಗಿಯೂ ಉಳಿಯುತ್ತವೆ.

ಎಚ್ಚರಿಕೆಗಳು ಎರಡು. ಕೆಂಪು ಮರಳಿನ ಮೇಲೆ ಬಿಸಿಲು ಬಿದ್ದಾಗ ಕೆಂಪನ್ನು ಅಳೆಯುವ ಗೂಡುಗಳು ಎಲ್ಲಕ್ಕಿಂತ ಮೊದಲು ತುಂಬಿ ತುಳುಕುತ್ತವೆ. ಹಾಗೆ ತುಳುಕಿದ ಕಡೆ ಮರಳಿನ ಅಲೆಗೆರೆಗಳು ಅಳಿಸಿಹೋಗಿ, ಬಳಿದ ಗೋಡೆಯಂತಹ ಬಣ್ಣ ಮಾತ್ರ ಉಳಿಯುತ್ತದೆ. ಅದನ್ನು ಯಾವ ತಿದ್ದುಪಡಿಯೂ ಮರಳಿ ತಾರದು. ಆದ್ದರಿಂದ ಬೆಳಕನ್ನು ತುಸು ಕಡಿಮೆಯಾಗಿಯೇ ಒಳಕ್ಕೆ ಬಿಡುವುದು ಜಾಣತನ. ಎರಡನೆಯದಾಗಿ, ಚಿತ್ರಕ್ಕೆಲ್ಲ ಕಿತ್ತಳೆಯನ್ನು ಹೆಚ್ಚಿಸಹೊರಟವನು ನೆರಳಿನ ನೀಲಿಯನ್ನು ಕೊಲ್ಲುತ್ತಾನೆ. ತಂಪಿಲ್ಲದ ಕಡೆ ಬಿಸಿಯ ಬೆಲೆ ತಿಳಿಯದು.

ತಿದ್ದುವುದು, ತಿರುಚುವುದು

ಈ ತಿದ್ದುಪಡಿಗೆ ಎಲ್ಲೆ ಇಲ್ಲವೇ? ಇದೆ. 1982ರ ಫೆಬ್ರವರಿಯಲ್ಲಿ ಅದೇ ‘ನ್ಯಾಷನಲ್ ಜಿಯೋಗ್ರಾಫಿಕ್’ ಪತ್ರಿಕೆ ಈಜಿಪ್ಟಿನ ಮರಳುಗಾಡಿನ ಚಿತ್ರವೊಂದನ್ನು ಮುಖಪುಟದಲ್ಲಿ ಅಚ್ಚುಹಾಕಿತು. ಅಗಲವಾದ ಚಿತ್ರ ಉದ್ದನೆಯ ಪುಟದಲ್ಲಿ ಹಿಡಿಸಲಿಲ್ಲವೆಂದು ಗೀಜಾದ ಪಿರಮಿಡ್ಡುಗಳನ್ನೇ ಗಣಕಯಂತ್ರದ ಸಹಾಯದಿಂದ ಒಂದರ ಬಳಿಗೊಂದು ಸರಿಸಲಾಯಿತು! ಟೀಕೆಯ ಸುರಿಮಳೆಯೇ ಆಯಿತು. ಅದರಿಂದ ಪಾಠ ಕಲಿತೆವೆಂದು ಪತ್ರಿಕೆ ಮುಂದೆ ಒಪ್ಪಿಕೊಂಡಿತು.

ಆದರೆ ತಿದ್ದುಪಡಿಯಿಂದಲೇ ಸತ್ಯ ಹೊರಬಿದ್ದ ನಿದರ್ಶನವೂ ಉಂಟು. 1976ರ ಜುಲೈ 20ರಂದು ಮಂಗಳಗ್ರಹದಲ್ಲಿ ಇಳಿದ ವೈಕಿಂಗ್-1 ನೌಕೆಯ ಮೊದಲ ಬಣ್ಣದ ಚಿತ್ರದಲ್ಲಿ ಅಲ್ಲಿನ ಮರಳುಗಾಡಿನ ಮೇಲೆ ಭೂಮಿಯದರಂತೆಯೇ ನೀಲಿಯ ಆಕಾಶ ಕಾಣಿಸಿತು. ವಿಜ್ಞಾನಿಗಳು ಅಳತೆಗಳನ್ನು ಮತ್ತೆ ಪರಿಶೀಲಿಸಿ ಬಣ್ಣವನ್ನು ಸರಿಪಡಿಸಿದಾಗ, ಗಾಳಿಯಲ್ಲಿ ತೇಲುವ ಧೂಳಿನಿಂದ ಆ ಆಕಾಶ ನಸುಗೆಂಪೆಂದು ಗೊತ್ತಾಯಿತು. ತಿದ್ದದ ಚಿತ್ರ ಸುಳ್ಳು ಹೇಳಿತ್ತು. ತಿದ್ದಿದ ಚಿತ್ರ ನಿಜ ನುಡಿಯಿತು.

ಆದುದರಿಂದ ಚಿತ್ರವೊಂದನ್ನು ತಿದ್ದಲಾಗಿದೆಯೇ ಎಂಬ ಪ್ರಶ್ನೆಗಿಂತ, ಏತಕ್ಕಾಗಿ ತಿದ್ದಲಾಗಿದೆ ಎಂಬ ಪ್ರಶ್ನೆಯೇ ಮೇಲು. ಅಲ್ಲಿ ಇದ್ದುದನ್ನು ಮರಳಿ ತೋರಿಸುವುದಕ್ಕೋ, ಇಲ್ಲದುದನ್ನು ಇತ್ತೆಂದು ನಂಬಿಸುವುದಕ್ಕೋ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮನೆಮನೆಯಲ್ಲಿಯೂ ಕೈಗೊಂದು ಕ್ಯಾಮೆರಾ ಬಂದು, ಬೆರಳ ತುದಿಯಿಂದಲೇ ಬಣ್ಣ ಬದಲಾಗುವ ಈ ಕಾಲದಲ್ಲಿ, ಆ ಮಾತು ಚಿತ್ರ ನೋಡುವವರಿಗೆ ಎಷ್ಟೋ, ಚಿತ್ರ ತೆಗೆಯುವವರಿಗೂ ಅಷ್ಟೇ ಅನ್ವಯಿಸುತ್ತದೆ.