ಹುಡುಗನಿಗೆ ಸೀಟು ಸಿಕ್ಕೀತೇ?

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದೆ, ಬೆಂಗಳೂರಿನ ದೊಡ್ಡ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗನಿಗೆ ಸೀಟು ಸಿಕ್ಕೀತೇ ಎಂದು ರೈತ ಬಾಂಧವರು ನನ್ನನ್ನು ಕೇಳುವುದುಂಟು. ಅಂಕ ನೋಡಿ ಇದನ್ನು ಹೇಳಲಾಗದು. ಸಿಇಟಿಯ ಅಂಕಕ್ಕೂ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೂ ಸಮಪಾಲು ಕೊಟ್ಟು ರ‍್ಯಾಂಕ್ ಕಟ್ಟುತ್ತಾರೆ. ಸೀಟು ಹಂಚುವುದು ಆ ರ‍್ಯಾಂಕಿನ ಮೇಲೆ.

ಯಾವ ಕಾಲೇಜಿನ ಯಾವ ವಿಭಾಗದಲ್ಲಿ ಕೊನೆಯ ಸೀಟು ಎಷ್ಟನೆಯ ರ‍್ಯಾಂಕಿಗೆ ಹೋಯಿತೆಂಬ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುತ್ತದೆ. ಇದು ಹೋದ ವಾರದ ಸಂತೆಯ ಧಾರಣೆ ಇದ್ದಂತೆ. ಅಂದಾಜಿಗೆ ಸಾಕು, ನೆಚ್ಚಿ ಕೂರಲು ಸಾಲದು. ಎರಡು ಮೂರು ವರ್ಷದ ಪಟ್ಟಿ ಹಿಡಿದು ನೋಡಿರಿ.

ಯಾವ ಕಲಂ ನೋಡಬೇಕೆಂಬಲ್ಲಿಯೇ ನಮ್ಮವರು ಎಡವುವುದು. 1ರಿಂದ 10ನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟು ಮೀಸಲು. ಆ ಕಲಮುಗಳಲ್ಲಿ ಕೊನೆಯ ರ‍್ಯಾಂಕ್ ಬೇರೆಯೇ ಇರುತ್ತದೆ. ಆದರೆ ಅರ್ಜಿಯಲ್ಲಿ ಕೇಳಿರಬೇಕು, ಶಾಲೆಯ ವ್ಯಾಸಂಗ ಪ್ರಮಾಣಪತ್ರವೂ ಇರಬೇಕು. ಇವನ್ನು ಮೊದಲೇ ಮಾಡಿಸಿಡಿರಿ; ಕಡೇ ಗಳಿಗೆಯ ಓಡಾಟ ಬೇಡ.

ಇನ್ನು ಕಾಲೇಜುಗಳ ಆಯ್ಕೆಯ ಕ್ರಮ. ನಮ್ಮ ಕಡೆಯ ಒಬ್ಬ ಹುಡುಗ ಹೆದರಿ, ಖಂಡಿತ ಸಿಗುವ ಹತ್ತಿರದ ಕಾಲೇಜನ್ನು ಮೊದಲು ಬರೆದ. ಅದೇ ಸಿಕ್ಕಿತು. ಅದರ ಕೆಳಗೆ ಬರೆದಿದ್ದ ಮೇಲಾದ ಕಾಲೇಜೂ ಅವನ ರ‍್ಯಾಂಕಿಗೆ ಸಿಗುತ್ತಿತ್ತೆಂದು ಪಟ್ಟಿ ಬಂದ ಮೇಲೆ ತಿಳಿಯಿತು. ಹಂಚಿಕೆ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ. ಮೇಲಿನದು ತಪ್ಪಿತೆಂದು ಕೆಳಗಿನದು ಕೈಬಿಡದು. ಆದ್ದರಿಂದ ಬಹಳ ಇಷ್ಟವಾದುದನ್ನು ಮೇಲೆ, ಖಚಿತವಾದುದನ್ನು ಕೆಳಗೆ ಬರೆಯಿಸಿರಿ.