ಫ್ಲೈವೀಲ್ ಎಷ್ಟು ಹಗುರ ಇರಬೇಕು?

ನಮ್ಮ ದೊಡ್ಡಮ್ಮನ ಮಗನ ಹತ್ರ ಒಂದು ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಭಾನುವಾರ ಸುತ್ತಮುತ್ತ ಎಲ್ಲಾದ್ರೂ ಆಟೋಕ್ರಾಸ್ ಇದ್ರೆ ಅದರಲ್ಲೇ ಓಡಿಸ್ತಾನೆ. ಸೋಮವಾರ ಅದೇ ಕಾರಲ್ಲಿ ಕಳಸದ ಹತ್ತಿರದ ತೋಟದಿಂದ ಕಾಫಿ ಚೀಲ ತುಂಬಿಕೊಂಡು ಬರ್ತಾನೆ. ಹೋದ ವರ್ಷ ಯಾರೋ ಹೇಳಿದ್ರಂತೆ, ಫ್ಲೈವೀಲ್ ಹಗುರ ಮಾಡಿಸಿದ್ರೆ ಕಾರು ಹಾರುತ್ತೆ ಅಂತ. ಒಂದು ಲೇತ್ ವರ್ಕ್‌ಶಾಪಿಗೆ ಹೋಗಿ 8 ಕೆ.ಜಿ. ಇದ್ದ ಫ್ಲೈವೀಲನ್ನ 6 ಕೆ.ಜಿ.ಗೆ ಇಳಿಸಿಕೊಂಡು ಬಂದ. ಮೊದಲ ವಾರ ದಿನಾ ಫೋನ್: "ಮಾರಾಯ, ಆಕ್ಸಿಲರೇಟರ್ ಮುಟ್ಟಿದ್ರೆ ಸಾಕು, ಎಂಜಿನ್ ಕೂಗುತ್ತೆ!" ನಾಲ್ಕು ತಿಂಗಳಿಗೆ ಇನ್ನೊಂದು ಫೋನ್ ಬಂತು. ತೋಟದ ಏರಿನಲ್ಲಿ, ಮಳೆಯಲ್ಲಿ, ಮೂರು ಚೀಲ ಹಾಕಿಕೊಂಡು ನಿಂತ ಕಾರು ಮತ್ತೆ ಹೊರಡಲೇ ಇಲ್ಲ. ಮೂರು ಸಲ ಆಫ್ ಆಯ್ತು, ನಾಲ್ಕನೇ ಸಲ ಹಿಂದಕ್ಕೆ ಜಾರಿ ಹಿಂದಿನ ಚಕ್ರ ಚರಂಡಿಗೆ ಇಳೀತು. ಕ್ಲಚ್ ಪ್ಲೇಟ್ ಸುಟ್ಟು ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

"ನೀನು ಮೆಕ್ಯಾನಿಕಲ್ ಅಲ್ವಾ, ಯಾಕೆ ಹೀಗಾಯ್ತು ಹೇಳು" ಅಂದ. ಆಗ ನನಗೆ ಗೊತ್ತಿದ್ದದ್ದು ಪರೀಕ್ಷೆಗೆ ಬಿಡಿಸೋ ಟರ್ನಿಂಗ್ ಮೊಮೆಂಟ್ ಡಯಾಗ್ರಾಮ್ ಒಂದೇ. ಅದನ್ನ ಬಿಟ್ಟು ನಿಜವಾಗಿ ಕೂತು ಲೆಕ್ಕ ಹಾಕಿದ್ದು ಈ ಲೇಖನ. ನನ್ನ ಕನ್ನಡ ಕಾಗುಣಿತಕ್ಕೆ ಕ್ಲಬ್ಬಿನವರು ಜವಾಬ್ದಾರರಲ್ಲ.

ಫ್ಲೈವೀಲ್ ಏನು ಮಾಡುತ್ತೆ ಅನ್ನೋದು ಅರ್ಥ ಆಗಬೇಕಾದ್ರೆ ಕಾರಿಗಿಂತ ಪಲ್ಪರ್ ಹೌಸ್ ಒಳ್ಳೇ ಜಾಗ. ಮೂಡಿಗೆರೆ, ಕಳಸ ಕಡೆಯ ಹಳೇ ತೋಟಗಳಲ್ಲಿ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್ ನೋಡಿರಬಹುದು. ಒಂದೇ ಸಿಲಿಂಡರ್, ಎರಡೂ ಪಕ್ಕ ಎತ್ತಿನಗಾಡಿ ಚಕ್ರದ ಹಾಗೆ ದೊಡ್ಡ ಕಬ್ಬಿಣದ ಫ್ಲೈವೀಲ್. ಅದು ನಿಮಿಷಕ್ಕೆ 650 ಸುತ್ತು ತಿರುಗುತ್ತೆ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಮಾತ್ರ ಡೀಸೆಲ್ ಉರಿದು ಪಿಸ್ಟನ್ನನ್ನ ತಳ್ಳುತ್ತೆ. ಉಳಿದ ಒಂದೂವರೆ ಸುತ್ತು ಪಲ್ಪರನ್ನ ತಿರುಗಿಸೋರು ಯಾರು? ಆ ಚಕ್ರವೇ. ತಳ್ಳಿದಾಗ ಶಕ್ತಿ ಕೂಡಿಟ್ಟುಕೊಂಡು, ತಳ್ಳದೇ ಇದ್ದಾಗ ಖರ್ಚು ಮಾಡುತ್ತೆ. ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡುವಾಗಲೂ ಅಷ್ಟೇ. ಡೀಕಂಪ್ರೆಶನ್ ಲಿವರ್ ಎತ್ತಿ, ಚಕ್ರಕ್ಕೆ ವೇಗ ಬಂದಮೇಲೆ ಬಿಟ್ಟರೆ, ಕಂಪ್ರೆಶನ್ನಿನ ಗುಡ್ಡವನ್ನ ಆ ವೇಗವೇ ದಾಟಿಸುತ್ತೆ.

ಕಾರಿನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ತಳ್ಳು ಸಿಗುತ್ತೆ. ಅದಕ್ಕೇ ಅದರ ಫ್ಲೈವೀಲ್ ಚಿಕ್ಕದಾದ್ರೂ ನಡೆಯುತ್ತೆ. ಐಡಲ್‌ನಲ್ಲಿ 800 ಆರ್‌ಪಿಎಂ ಇದ್ದಾಗ ಫ್ಲೈವೀಲ್ ಇಲ್ಲದಿದ್ರೆ ಎಂಜಿನ್ ನಡುಗಿ ನಿಂತೇ ಹೋಗುತ್ತೆ. 6000ದಲ್ಲಿ ಆ ಸಮಸ್ಯೆ ಇಲ್ಲ, ಯಾಕಂದ್ರೆ ಕೂಡಿಟ್ಟ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಹೆಚ್ಚುತ್ತೆ. 800ಕ್ಕೂ 6000ಕ್ಕೂ ವ್ಯತ್ಯಾಸ ಏಳೂವರೆ ಪಟ್ಟು, ಶಕ್ತಿಯ ವ್ಯತ್ಯಾಸ 56 ಪಟ್ಟು. ಹಾಗಾಗಿ ಹಗುರ ಫ್ಲೈವೀಲಿನ ತೊಂದರೆ ಪೂರ್ತಿ ಕೆಳಗಿನ ಆರ್‌ಪಿಎಂನಲ್ಲೇ ಗೊತ್ತಾಗೋದು. ಟೆಸ್ಟ್ ಡ್ರೈವ್‌ನಲ್ಲಿ ಕಾರನ್ನ ಕೂಗಿಸಿ ನೋಡಿ "ಸೂಪರ್ ಗುರು" ಅಂದವನಿಗೆ ಅದು ಕಾಣೋದೇ ಇಲ್ಲ.

ಈಗ ತೂಕದ ವಿಷಯ. ಎಲ್ಲರೂ ಕೇಳೋದು "ಎಷ್ಟು ಕೆ.ಜಿ.?" ಅಂತ. ಅದು ಅರ್ಧ ಪ್ರಶ್ನೆ. ಫ್ಲೈವೀಲಿಗೆ ಲೆಕ್ಕ ಇನರ್ಷಿಯಾದ್ದು, ಅದು ತೂಕ ಗುಣಿಸು ದೂರದ ವರ್ಗ. ಅಣ್ಣನ ಫ್ಲೈವೀಲ್ ತ್ರಿಜ್ಯ 13 ಸೆಂ.ಮೀ. ಒಂದೇ ದಪ್ಪದ ತಟ್ಟೆ ಅಂದ್ಕೊಂಡ್ರೆ 8 ಕೆ.ಜಿ.ಗೆ ಇನರ್ಷಿಯಾ ಸುಮಾರು 0.068 (ಕೆ.ಜಿ. ಮೀಟರ್ ವರ್ಗ). ಇದರಿಂದ 2 ಕೆ.ಜಿ. ತೆಗೀಬೇಕು. ನಡುವಿನಿಂದ 6 ಸೆಂ.ಮೀ. ದೂರದಲ್ಲಿ ಕೆತ್ತಿದ್ರೆ ಇನರ್ಷಿಯಾ ಬರೀ ನೂರಕ್ಕೆ 11ರಷ್ಟು ಇಳಿಯುತ್ತೆ. ಅಂಚಿನ ಹತ್ರ, 11.5 ಸೆಂ.ಮೀ. ದೂರದಲ್ಲಿ ಕೆತ್ತಿದ್ರೆ ನೂರಕ್ಕೆ 39! ಎರಡೂ ತಕ್ಕಡಿಯಲ್ಲಿ 6 ಕೆ.ಜಿ.ಯೇ, ಆದರೆ ಓಡಿಸೋಕೆ ಎರಡೂ ಬೇರೆ ಬೇರೆ ಕಾರು. ಅಣ್ಣಂದು ಅಂಚಿನಲ್ಲಿ ಕೆತ್ತಿದ್ದು.

ಇದರಿಂದ ಲಾಭ ಎಷ್ಟು? ಫ್ಲೈವೀಲ್ ಗೇರ್‌ಬಾಕ್ಸಿನ ಎಂಜಿನ್ ಕಡೆ ಇರೋದರಿಂದ ಅದರ ಇನರ್ಷಿಯಾ ಕಾರಿನ ತೂಕದ ಹಾಗೆ ಕಾಣಬೇಕಾದ್ರೆ ಗೇರ್ ಅನುಪಾತದ ವರ್ಗದಿಂದ ಗುಣಿಸಬೇಕು, ಚಕ್ರದ ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಚಿಕ್ಕ ಹ್ಯಾಚ್‌ಬ್ಯಾಕ್‌ಗೆ ಹೊಂದೋ ಅಂಕಿ ತಗೊಂಡೆ: ಫಸ್ಟ್ ಗೇರ್ 3.5, ಸೆಕೆಂಡ್ 1.95, ಥರ್ಡ್ 1.36, ಫಿಫ್ತ್ 0.78, ಫೈನಲ್ ಡ್ರೈವ್ 4.1, ಚಕ್ರದ ತ್ರಿಜ್ಯ 29 ಸೆಂ.ಮೀ. ಅಂಚಿನಿಂದ 2 ಕೆ.ಜಿ. ಕೆತ್ತಿದ್ದು ಫಸ್ಟ್ ಗೇರ್‌ನಲ್ಲಿ ಕಾರಿನಿಂದ 65 ಕೆ.ಜಿ. ಇಳಿಸಿದ ಹಾಗೆ. ಅಂದ್ರೆ ಪಕ್ಕದ ಸೀಟಿನ ಕೋ-ಡ್ರೈವರನ್ನೇ ಇಳಿಸಿ ಕಳಿಸಿದ ಹಾಗೆ. ಸೆಕೆಂಡ್‌ನಲ್ಲಿ 20, ಥರ್ಡ್‌ನಲ್ಲಿ 10, ಫಿಫ್ತ್‌ನಲ್ಲಿ ಬರೀ 3 ಕೆ.ಜಿ. ನಾನು ಈ ಲೆಕ್ಕ ಎರಡು ಸಲ ಮಾಡಿದೆ, ನಂಬಿಕೆ ಬರಲಿಲ್ಲ. ಹೈವೇ ಮೇಲೆ ಐದನೇ ಗೇರ್‌ನಲ್ಲಿ ಓಡೋ ಕಾರಿಗೆ ಹಗುರ ಫ್ಲೈವೀಲ್ ಹಾಕೋದು ದುಡ್ಡು ದಂಡ. ಟಾಪ್ ಸ್ಪೀಡ್ ಅಂತೂ ಒಂದು ಕಿ.ಮೀ. ಕೂಡ ಹೆಚ್ಚಲ್ಲ, ಹಾರ್ಸ್‌ಪವರ್ ಕೂಡ ಹೆಚ್ಚಲ್ಲ. ವೇಗ ಬದಲಾಗುವಾಗ ಮಾತ್ರ ಉಪಯೋಗ.

ಚಿಕ್ಕಮಗಳೂರಿನ ರ‍್ಯಾಲಿ ರಸ್ತೆಗಳಲ್ಲಿ ವೇಗ ಬದಲಾಗದೇ ಇರೋ ಜಾಗ ಎಲ್ಲಿದೆ ಹೇಳಿ! ಇಲ್ಲಿನ ಕಾಫಿ ತೋಟದೊಳಗಿನ ಮಣ್ಣಿನ ದಾರಿಗಳಲ್ಲೇ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು, ಕಾಫಿ ಡೇ ಇಂಡಿಯಾ ರ‍್ಯಾಲಿ ನಡೀತಿತ್ತು. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಸ್ಕೋಡಾ ಫಾಬಿಯಾದಲ್ಲಿ ಇದೇ ತೋಟಗಳಲ್ಲಿ ಓಡಿಸಿದ್ದಾರೆ. ಎರಡೂ ಪಕ್ಕ ಕಾಫಿ ಗಿಡ, ಸಿಲ್ವರ್ ಓಕ್ ಮರ, ನೂರು ಮೀಟರ್‌ಗೊಂದು ತಿರುವು. ಸೆಕೆಂಡ್, ಥರ್ಡ್, ಮತ್ತೆ ಸೆಕೆಂಡ್, ಹೇರ್‌ಪಿನ್ ಬಂದ್ರೆ ಫಸ್ಟ್. ಹಗುರ ಫ್ಲೈವೀಲಿಗೆ ಹೇಳಿ ಮಾಡಿಸಿದ ರಸ್ತೆ. ಗೇರ್ ಇಳಿಸುವಾಗ ಎಂಜಿನ್ ಬೇಗ ಮೇಲೇರುತ್ತೆ, ಏರಿಸುವಾಗ ಬೇಗ ಇಳಿಯುತ್ತೆ, ಹಾಗಾಗಿ ಗೇರ್ ಬದಲಾವಣೆ ಚುರುಕು. ಇನ್ನೊಂದು ಲಾಭ ಇದೆ, ಅದನ್ನ ಯಾರೂ ಹೇಳಲ್ಲ. ಕಾರು ಹಾರಿ ಗಾಳಿಯಲ್ಲಿದ್ದಾಗ ಚಕ್ರ ಜೋರಾಗಿ ತಿರುಗಿ, ನೆಲಕ್ಕೆ ಬಿದ್ದ ಕ್ಷಣ ಹಿಡಿತ ಸಿಕ್ಕಿ ಥಟ್ಟಂತ ನಿಧಾನ ಆಗುತ್ತೆ. ಆಗ ಫ್ಲೈವೀಲಿನಲ್ಲಿದ್ದ ಶಕ್ತಿ ಎಲ್ಲ ಡ್ರೈವ್‌ಶಾಫ್ಟ್ ಮೇಲೆ ಬೀಳುತ್ತೆ. ಫ್ಲೈವೀಲ್ ಹಗುರ ಇದ್ರೆ ಆ ಹೊಡೆತವೂ ಹಗುರ.

ಹಾಗಿದ್ರೆ ಅಣ್ಣ ಮಾಡಿದ್ದು ಸರಿಯೇ ಅಲ್ವಾ? ಭಾನುವಾರಕ್ಕೆ ಸರಿ. ಸೋಮವಾರಕ್ಕೆ ಅಲ್ಲ.

ಏರಿನಲ್ಲಿ ನಿಂತ ಕಾರು ಹೊರಡಿಸುವಾಗ ನಾವು ಏನು ಮಾಡ್ತೀವಿ? ಎಂಜಿನ್ನನ್ನ 2000 ಆರ್‌ಪಿಎಂಗೆ ತಂದು ಕ್ಲಚ್ ಬಿಡ್ತೀವಿ. ಆ ಕ್ಷಣದ ಮೊದಲ ತಳ್ಳು ಫ್ಲೈವೀಲಿನ ಉಳಿತಾಯ ಖಾತೆಯಿಂದ ಬರುತ್ತೆ. 8 ಕೆ.ಜಿ. ಫ್ಲೈವೀಲಿನಲ್ಲಿ ಆಗ ಸುಮಾರು 1480 ಜೂಲ್ ಇರುತ್ತೆ, ಅಂಚು ಕೆತ್ತಿದ್ದರಲ್ಲಿ 900. ಇಬ್ಬರು ಜನ, ಮೂರು ಚೀಲ ಸೇರಿ ಕಾರು 1200 ಕೆ.ಜಿ. ಅನ್ನಿ. ಮೊದಲನೆಯದು ಆ ಕಾರನ್ನ 13 ಸೆಂ.ಮೀ. ಎತ್ತಬಲ್ಲದು, ಎರಡನೆಯದು 8 ಸೆಂ.ಮೀ. ಆರಕ್ಕೆ ಒಂದರಂತೆ ಏರೋ ತೋಟದ ರಸ್ತೆಯಲ್ಲಿ ಇದು 75 ಸೆಂ.ಮೀ. ಮತ್ತು 46 ಸೆಂ.ಮೀ. ದೂರಕ್ಕೆ ಸಮ, ಅದೂ ಕ್ಲಚ್‌ನಲ್ಲಿ ಬಿಸಿಯಾಗಿ ಹೋಗೋದನ್ನ ಹಿಡಿಯದೆ. ಹೆಚ್ಚುಕಮ್ಮಿ ಒಂದಡಿ ವ್ಯತ್ಯಾಸ. ಆ ಒಂದಡಿಯನ್ನ ತುಂಬೋಕೆ ಡ್ರೈವರ್ ಆರ್‌ಪಿಎಂ ಇನ್ನೂ ಏರಿಸಿ, ಕ್ಲಚ್ಚನ್ನ ಅರ್ಧ ಒತ್ತಿ ಹಿಡ್ಕೊಂಡು ಉಜ್ಜಿಸಬೇಕು. ಪ್ರತಿ ಸಲವೂ. ನಾಲ್ಕು ತಿಂಗಳಲ್ಲಿ ಪ್ಲೇಟ್ ಸುಟ್ಟಿದ್ದು ಹೀಗೆ.

ಇದಕ್ಕೆ ಮಲೆನಾಡಿನ ಎತ್ತರವೂ ಸೇರಿಸಿ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿಯ ಸಾಂದ್ರತೆ ನೂರಕ್ಕೆ ಸುಮಾರು ಹತ್ತು ಕಮ್ಮಿ. ಟರ್ಬೋ ಇಲ್ಲದ ಎಂಜಿನ್ ಅಷ್ಟೇ ಶಕ್ತಿ ಕಳ್ಕೊಳ್ಳುತ್ತೆ. ಮಂಗಳೂರಲ್ಲಿ ಹೇಗೋ ಹೊರಡೋ ಕಾರು ಚಾರ್ಮಾಡಿ ಹತ್ತಿ ಬಂದಮೇಲೆ ಮುನಿಸಿಕೊಳ್ಳುತ್ತೆ.

ನನಗೆ ಸ್ವಾರಸ್ಯ ಅನ್ನಿಸಿದ್ದು ಇದು: ಲಾಭ ಇರೋದೂ ಫಸ್ಟ್ ಗೇರ್‌ನಲ್ಲೇ, ನಷ್ಟ ಇರೋದೂ ಫಸ್ಟ್ ಗೇರ್‌ನಲ್ಲೇ. ಓಡ್ತಿರೋ ಕಾರಿಗೆ ಆ 65 ಕೆ.ಜಿ. ಹೊರೆ. ನಿಂತಿರೋ ಕಾರಿಗೆ ಅದೇ ಬಂಡವಾಳ. ರ‍್ಯಾಲಿ ಡ್ರೈವರ್ ಒಂದು ಸ್ಟೇಜಿಗೆ ಒಂದೇ ಸಲ ನಿಂತಲ್ಲಿಂದ ಹೊರಡ್ತಾನೆ, ಅದೂ ಆರ್‌ಪಿಎಂ ಏರಿಸಿಕೊಂಡು. ತೋಟದವನು ಗೇಟಿಗೊಂದು ಸಲ, ಎದುರು ಜೀಪು ಬಂದಾಗಲೊಂದು ಸಲ, ದನ ಅಡ್ಡ ಬಂದಾಗಲೊಂದು ಸಲ ಹೊರಡ್ತಾನೆ. ಹಾಗಾಗಿ ಫ್ಲೈವೀಲ್ ಆರಿಸೋ ಮೊದಲು ಎಣಿಸಬೇಕಾದ್ದು ಕೆ.ಜಿ. ಅಲ್ಲ, ದಿನಕ್ಕೆ ಎಷ್ಟು ಸಲ ಏರಿನಲ್ಲಿ ನಿಂತು ಹೊರಡ್ತೀರಿ ಅನ್ನೋದು.

ಕೆತ್ತಿಸೋದರ ಬಗ್ಗೆ ಸ್ವಲ್ಪ ಸೀರಿಯಸ್ಸಾಗಿ ಹೇಳಬೇಕು. ಒರಿಜಿನಲ್ ಫ್ಲೈವೀಲ್ ತುಂಬಾ ಕಾರುಗಳಲ್ಲಿ ಗ್ರೇ ಕಾಸ್ಟ್ ಐರನ್. ಒತ್ತಿದ್ರೆ ಗಟ್ಟಿ, ಎಳೆದ್ರೆ ಬಿರುಕು. ತಿರುಗೋ ಚಕ್ರದಲ್ಲಿ ಇರೋದು ಪೂರ್ತಿ ಎಳೆತವೇ. 6500 ಆರ್‌ಪಿಎಂನಲ್ಲಿ ಆ ಅಂಚು ಗಂಟೆಗೆ ಸುಮಾರು 320 ಕಿ.ಮೀ. ವೇಗದಲ್ಲಿ ಸುತ್ತುತ್ತೆ. ತೆಳು ಉಂಗುರ ಅಂದ್ಕೊಂಡು ಒರಟು ಲೆಕ್ಕ ಹಾಕಿದ್ರೆ ಎಳೆತ 56 ಮೆಗಾಪಾಸ್ಕಲ್. ಎಫ್‌ಜಿ 200 ಅನ್ನೋ ಸಾಮಾನ್ಯ ಕಾಸ್ಟ್ ಐರನ್ ತಡೆಯೋದು 200. ಸಾಕಷ್ಟು ಅಂತರ ಇದೆ ಅನ್ಸುತ್ತೆ ಅಲ್ವಾ? ಈಗ ಅದರಲ್ಲಿ ಡ್ರಿಲ್ ಮಾಡಿ ತೂತು ಹೊಡೀರಿ. ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟಿನವರೆಗೆ ಹೋಗುತ್ತೆ, ಅಂದ್ರೆ ಸುಮಾರು 170. ಮೇಲೆ ಕ್ಲಚ್ ಬಿಸಿಗೆ ಬಂದಿರೋ ಕೂದಲೆಳೆಯ ಬಿರುಕು, ಎರಕದೊಳಗಿನ ಗುಳ್ಳೆ ಇದ್ದೇ ಇರುತ್ತೆ. ಉಂಗುರದ ಲೆಕ್ಕ ಸ್ವಲ್ಪ ಜಾಸ್ತಿ ಹೇಳುತ್ತೆ ಒಪ್ಪಿದೆ, ಆದ್ರೆ ಆ ಚಕ್ರ ಒಡೆದ್ರೆ ಚೂರುಗಳು ಬೆಲ್‌ಹೌಸಿಂಗ್ ಸೀಳಿಕೊಂಡು ಡ್ರೈವರ್ ಕಾಲಿನ ಕಡೆಗೇ ಬರೋದು. ಅಣ್ಣನ ಫ್ಲೈವೀಲಿನಲ್ಲಿ ಅಂಚಿನ ಸುತ್ತ ಹನ್ನೆರಡು ತೂತು ಇದ್ದವು. "ಚೆನ್ನಾಗಿ ಕಾಣ್ಲಿ ಅಂತ" ಹೊಡೆದಿದ್ರಂತೆ.

ಹಗುರವೇ ಬೇಕು ಅಂದ್ರೆ ಒಂದೇ ಉಕ್ಕಿನ ಗಟ್ಟಿಯಿಂದ ಮಾಡಿದ, ಸುರಕ್ಷತೆಯ ಪರೀಕ್ಷೆ ಪಾಸಾದ ಫ್ಲೈವೀಲನ್ನೇ ಕೊಳ್ಳಬೇಕು. ಎಸ್‌ಎಫ್‌ಐ 1.1 ಅನ್ನೋದು ಅಂಥ ಒಂದು ಮಾನದಂಡ. ಅಲ್ಯೂಮಿನಿಯಂನದ್ದೂ ಸಿಗುತ್ತೆ, ಕ್ಲಚ್ ಉಜ್ಜೋ ಮುಖಕ್ಕೆ ಉಕ್ಕಿನ ತಟ್ಟೆ ಕೂರಿಸಿರ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ರಸ್ತೆ ಕಾರಿಗೆ ಅತಿ. ಈಗಿನ ಡೀಸೆಲ್ ಕಾರುಗಳಲ್ಲಿ ಸ್ಪ್ರಿಂಗ್ ಇಟ್ಟ ಡ್ಯುಯಲ್ ಮಾಸ್ ಫ್ಲೈವೀಲ್ ಇದ್ರೆ ಅದನ್ನ ಮುಟ್ಟಲೇಬೇಡಿ, ಎಂಜಿನ್ನಿನ ನಡುಕ ಸೀದಾ ಗೇರ್‌ಬಾಕ್ಸಿಗೆ ಹೋಗುತ್ತೆ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದೋ ಹಲ್ಲುಗಳು ಫ್ಲೈವೀಲಿನ ಮೇಲೇ ಇರುತ್ತವೆ, ಹೊಸದರಲ್ಲಿ ಅದಿಲ್ಲದಿದ್ರೆ ಕಾರು ಸ್ಟಾರ್ಟೇ ಆಗಲ್ಲ. ಇನ್ನು ರ‍್ಯಾಲಿಗೆ ಇಳಿಯೋರು ಮೊದಲು ರೂಲ್‌ಬುಕ್ ಓದಿ. ಷೋರೂಮ್ ಕಾರಿಗೆ ಹತ್ತಿರ ಇರಬೇಕಾದ ವರ್ಗಗಳಲ್ಲಿ ಫ್ಲೈವೀಲ್ ಮುಟ್ಟಿದ್ರೆ ಗೆದ್ದ ಮೇಲೂ ಹೊರಗೆ ಹಾಕ್ತಾರೆ.

ಅಂಗಡಿಯವನು "6 ಕೆ.ಜಿ." ಅಂದಾಗ ಅದು ಯಾವ 6 ಕೆ.ಜಿ. ಅಂತ ತಿಳಿಯೋದು ಹೇಗೆ? ನಮ್ಮ ಲ್ಯಾಬ್‌ನಲ್ಲಿ ಮಾಡೋ ಟ್ರೈಫೈಲರ್ ಸಸ್ಪೆನ್ಷನ್ ಪ್ರಯೋಗ ನೆನಪಿದೆಯಾ? ಬೋರ್ ಹೊಡೆಸೋ ಪ್ರಯೋಗ ಅಂತ ನಾನೂ ರೀಡಿಂಗ್ ಕಾಪಿ ಹೊಡೆದಿದ್ದೆ. ಫ್ಲೈವೀಲನ್ನ ನಡುವಿನಿಂದ 10 ಸೆಂ.ಮೀ. ದೂರದ ಮೂರು ಬೋಲ್ಟ್ ತೂತುಗಳಲ್ಲಿ ಒಂದು ಮೀಟರ್ ಉದ್ದದ ಮೂರು ದಾರ ಕಟ್ಟಿ ಮಟ್ಟವಾಗಿ ನೇತುಹಾಕಿ. ಸ್ವಲ್ಪ ತಿರುವಿ ಬಿಟ್ಟು 20 ಓಲಾಟಕ್ಕೆ ಟೈಮ್ ನೋಡಿ. ಲೆಕ್ಕದ ಪ್ರಕಾರ ಒರಿಜಿನಲ್ ತಟ್ಟೆಗೆ 37 ಸೆಕೆಂಡ್, ನಡುವೆ ಕೆತ್ತಿದ್ದಕ್ಕೆ 40, ಅಂಚು ಕೆತ್ತಿದ್ದಕ್ಕೆ 33. ದಾರ, ತಕ್ಕಡಿ, ಮೊಬೈಲ್ ಸಾಕು.

ದಸರಾ ರಜೆಯಲ್ಲಿ ಅಣ್ಣನ ಫ್ಲೈವೀಲನ್ನ ಪಲ್ಪರ್ ಹೌಸಿನ ತೊಲೆಗೆ ನೇತುಹಾಕಿ ನೋಡಿದ್ವಿ. 34 ಸೆಕೆಂಡ್ ಬಂತು. ಅವನೇ ಮೂರು ಸಲ ಎಣಿಸಿದ. ಆಮೇಲೆ ಗುಜರಿಯಲ್ಲಿ ಹುಡುಕಿ ತಂದ ಒರಿಜಿನಲ್ ಫ್ಲೈವೀಲನ್ನ ಹೊಸ ಕ್ಲಚ್ ಜೊತೆ ಹಾಕಿಸಿದ. ಆಟೋಕ್ರಾಸ್‌ನಲ್ಲಿ ಈಗ ಸ್ವಲ್ಪ ನಿಧಾನ ಆಗಿದ್ದಾನೆ, ಅದಕ್ಕೆ ನನ್ನನ್ನೇ ಬೈತಾನೆ.